ಆರ್ಲೀನಳ ಶನಿವಾರದ ಮೇಜು

ಶನಿವಾರ ಬೆಳಿಗ್ಗೆ ಥಂಡರ್ ಬೇ ಗ್ರಂಥಾಲಯದ ಬಾಗಿಲು ತೆಗೆಯುವ ಮೊದಲೇ ಆರ್ಲೀನ್ ಪೆಟ್ರೂಕ್ ಹೊರಗೆ ನಿಂತಿರುತ್ತಿದ್ದಳು. ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಗುಲಾಬಿ ಬಣ್ಣದ ಸಕ್ಕರೆ ಪಾಕ ಬಳಿದ ಪರ್ಷಿಯನ್ ಬನ್ನುಗಳ ಡಬ್ಬಿ. ಒಳಗೆ ತಿನ್ನುವ ಹಾಗಿಲ್ಲ ಎಂದು ಗೋಡೆಯ ಮೇಲೆ ಬರೆದಿತ್ತು. ಆದರೆ ಗ್ರಂಥಾಲಯದವರಿಗೂ ಬನ್ನಿನ ಪಾಲು ಹೋಗುತ್ತಿದ್ದರಿಂದ ಆ ಫಲಕ ಶನಿವಾರದ ಮಟ್ಟಿಗೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಿಟಕಿ ಪಕ್ಕದ ಉದ್ದನೆಯ ಮೇಜು ಅವಳದು. ಅದರ ಮೇಲೆ ಅವಳೇ ಬರೆದ ಒಂದು ರಟ್ಟು: ‘ಮೊದಲ ಪ್ರೋಗ್ರಾಂ ಇಲ್ಲಿ ಬರೆಯಿರಿ. ಏನೂ ಬಾರದವರು ಮೊದಲು ಬನ್ನಿ.’

ಆರ್ಲೀನ್ ಮೇಷ್ಟರಾಗಿ ಹುಟ್ಟಿದವಳಲ್ಲ. ಹರೆಯದಿಂದ ಐವತ್ತು ದಾಟುವವರೆಗೂ ಊರಿನ ಹೆಂಗಸರ ಕೂದಲು ಕತ್ತರಿಸಿ, ಬಣ್ಣ ಹಚ್ಚಿ, ಸುರುಳಿ ಮಾಡಿ ಬದುಕಿದವಳು. ನಿಂತು ನಿಂತು ಸೊಂಟ ಹಿಡಿಯಿತು, ಭುಜ ಮೇಲೇಳದಾಯಿತು. ಕೂತು ಮಾಡುವ ಕೆಲಸ ಏನಾದರೂ ಕಲಿಯೋಣವೆಂದು ಪೈಥಾನ್ ಎಂಬ ಭಾಷೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಸುವ ಕಾಲೇಜಿನ ಸಂಜೆ ತರಗತಿಗೆ ಸೇರಿದಳು. ಮೊದಲ ದಿನವೇ ಪಾಠ ಹೇಳುವಾತ, “ಮನೇಲಿ ನಿಮ್ಮ ಕಂಪ್ಯೂಟರಿಗೆ ಪೈಥಾನ್ ಹಾಕ್ಕೊಂಡು ಬನ್ನಿ, ಐದು ನಿಮಿಷದ ಕೆಲಸ,” ಎಂದು ಹೇಳಿ ಮುಂದಕ್ಕೆ ಹೋಗಿಬಿಟ್ಟ.

ಆ ಐದು ನಿಮಿಷ ಆರ್ಲೀನಳ ಪಾಲಿಗೆ ಮುಗಿಯಲೇ ಇಲ್ಲ. ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಪರದೆಯ ಮೇಲೆ ಆಜ್ಞೆ ಬರೆಯುವ ಕಪ್ಪು ಕಿಟಕಿಯಲ್ಲಿ ‘ಪೈಥಾನ್’ ಎಂದು ಟೈಪು ಮಾಡಿದಾಗಲೆಲ್ಲ ಅಂಥ ಆಜ್ಞೆಯೇ ಇಲ್ಲವೆಂದು ಯಂತ್ರ ಹೇಳುತ್ತಿತ್ತು. ತರಗತಿಯಲ್ಲಿ ಉಳಿದವರು ಎಲ್ಲೋ ಮುಂದೆ ಹೋಗಿದ್ದರು. ಕೇಳಲು ನಾಚಿಕೆ. ಒಂದು ಸಂಜೆ ಕಾರಿನ ತನಕ ಹೋಗಿ, ಒಳಗೆ ಕೂತು, ಕಾರು ಚಾಲೂ ಮಾಡದೆ ಅತ್ತು, ಮನೆಯೊಳಕ್ಕೆ ವಾಪಸು ಬಂದಳು. ಕಾಲೇಜು ಅಲ್ಲಿಗೆ ನಿಂತಿತು.

ಹಿಮ ಕರಗುವ ಕಾಲಕ್ಕೆ, ಯಾಕೋ ಮನಸ್ಸು ತಡೆಯದೆ, ತನ್ನ ಕಷ್ಟವನ್ನು ಇಂಟರ್ನೆಟ್ಟಿನ ಒಂದು ಚರ್ಚಾಕೂಟದಲ್ಲಿ ಬರೆದಳು. ಹೆಸರು ಗೊತ್ತಿಲ್ಲದ ಯಾರೋ ಒಬ್ಬರು ಎರಡೇ ಸಾಲಿನ ಉತ್ತರ ಕೊಟ್ಟರು. ಹಾಕುವಾಗ ಮೊದಲ ಪರದೆಯ ಕೆಳಗಡೆ ಒಂದು ಚಿಕ್ಕ ಚೌಕ ಇರುತ್ತದೆ, ಅದಕ್ಕೆ ಗುರುತು ಹಾಕದಿದ್ದರೆ ಯಂತ್ರಕ್ಕೆ ಪೈಥಾನ್ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಆರ್ಲೀನ್ ಗುರುತು ಹಾಕಿದಳು. ಓಡಿತು.

ಗಂಡ ಓರೆಸ್ಟ್ ಶಬ್ದ ಕೇಳಿ ಗ್ಯಾರೇಜಿನಿಂದ ಓಡಿ ಬಂದಾಗ ಅವಳು ಅಡುಗೆಮನೆಯಲ್ಲಿ ಕುಣಿಯುತ್ತಿದ್ದಳು. ಕುಣಿತ ಮುಗಿದ ಮೇಲೆ ಸಿಟ್ಟು ಬಂತು.

“ಒಂದು ಚೌಕ, ಓರೆಸ್ಟ್! ಇಡೀ ಚಳಿಗಾಲ ನಾನು ದಡ್ಡಿ ಅಂತ ಅತ್ತಿದ್ದು ಒಂದು ಚೌಕಕ್ಕೆ!”

“ಹಾಗಾದ್ರೆ ನಿನ್ನ ಹಾಗೆ ಅಳ್ತಾ ಕೂತಿರೋರು ಇನ್ನೂ ಇರ್ತಾರಲ್ಲ,” ಎಂದ ಓರೆಸ್ಟ್. “ಹೋಗಿ ಅವ್ರಿಗೆ ಆ ಚೌಕ ತೋರ್ಸು. ನನ್ನ ತಲೆ ಯಾಕೆ ತಿಂತೀಯ?”

ಅವನು ಹೇಳಿದ್ದು ತಮಾಷೆಗೆ. ಅವಳು ಅದನ್ನೇ ಹಿಡಿದುಕೊಂಡಳು. ತಾನು ಇನ್ನೊಂದಿಷ್ಟು ಕಲಿತು, ಹಳೆಯ ಸಲೂನಿಗೆ ಗಿರಾಕಿಗಳ ಹೊತ್ತು ಗೊತ್ತು ಮಾಡುವ ಪ್ರೋಗ್ರಾಂ ಬರೆದುಕೊಟ್ಟು, ಆ ಧೈರ್ಯದ ಮೇಲೆ ಗ್ರಂಥಾಲಯಕ್ಕೆ ಹೋಗಿ ಮೇಜು ಕೇಳಿದಳು.

ಅವಳ ಪದ್ಧತಿಯೇ ಬೇರೆ. ಸಲೂನಿನ ಕಾಲದ ಕಪ್ಪು ಏಪ್ರನ್ ಕಟ್ಟಿಕೊಂಡು, ಎರಡೂ ಕೈಗಳನ್ನು ಅದರ ಜೇಬಿಗೆ ತುರುಕಿ ನಿಲ್ಲುತ್ತಿದ್ದಳು. ಕಲಿಯಲು ಬಂದವರ ಕೀಲಿಮಣೆಯನ್ನು ಅಪ್ಪಿತಪ್ಪಿಯೂ ಮುಟ್ಟುತ್ತಿರಲಿಲ್ಲ. “ನಾನು ಒತ್ತಿದ್ರೆ ನಾನು ಕಲಿತೀನಿ, ಅದು ನಂಗಾಗ್ಲೇ ಬರುತ್ತೆ,” ಎನ್ನುತ್ತಿದ್ದಳು. ಯಂತ್ರ ತಪ್ಪು ಎಂದಾಗ ಅದು ಹೇಳಿದ್ದನ್ನು ಮೊದಲಿಂದ ಕೊನೆವರೆಗೆ ಗಟ್ಟಿಯಾಗಿ ಓದಬೇಕು. ಕೆಂಪು ಅಕ್ಷರ ಕಂಡು ಗಾಬರಿಯಾದವರಿಗೆ, “ಬೈತಾ ಇಲ್ಲ ಅದು, ಎಲ್ಲಿ ನೋಯ್ತಾ ಇದೆ ಅಂತ ಹೇಳ್ತಾ ಇದೆ. ಪೂರ್ತಿ ಕೇಳಿ ಪಾಪ,” ಎನ್ನುತ್ತಿದ್ದಳು. ಮೊದಲ ಪ್ರೋಗ್ರಾಂ ಓಡಿದವರಿಗೆ ಒಂದು ಬನ್ನು. ಓಡುವ ಮುಂಚೆ ಬನ್ನು ಕೇಳಿದರೆ ಇಲ್ಲ. ನಿವೃತ್ತ ನರ್ಸುಗಳು, ಕಾಗದದ ಕಾರ್ಖಾನೆಯಲ್ಲಿ ಕೆಲಸ ಹೋದವರು, ಮೊಮ್ಮಕ್ಕಳ ಬಾಯಿ ಮುಚ್ಚಿಸಲು ಬಂದ ಅಜ್ಜಂದಿರು, ಎಲ್ಲರೂ ಆ ಬನ್ನು ತಿಂದೇ ಮನೆಗೆ ಹೋದರು. ಬಂದವರು ಯಾರೂ ಬರಿಗೈಲಿ ಹೋಗಿಲ್ಲ ಎಂಬುದು ಆರ್ಲೀನಳ ಹೆಮ್ಮೆ.

ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ಗೀನೊ ತಾಲಾರಿಕೊ ಬಂದ ದಿನ.

ಗೀನೊ ಬಂದರಿನ ಧಾನ್ಯದ ಕಣಜದಲ್ಲಿ ದುಡಿದ ಆಳು. ಎತ್ತರದ ಮೈ, ಒರಟು ಬಾಯಿ. ಸಕ್ಕರೆ ಕಾಯಿಲೆ ಮೊದಲು ಒಂದು ಕಣ್ಣನ್ನು, ಆಮೇಲೆ ಇನ್ನೊಂದನ್ನು ತೆಗೆದುಕೊಂಡಿತ್ತು. ಬಿಳಿಯ ಕೋಲು ಮೇಜಿಗೆ ತಗುಲಿದ ಕೂಡಲೇ ನಿಂತು, “ಏನೂ ಬಾರದವರ ಮೇಜು ಇದೇನಾ?” ಎಂದು ಕೇಳಿದ.

“ಇದೇ. ಕೂತ್ಕೊಳ್ಳಿ. ನಾನು ಆರ್ಲೀನ್.”

“ಬನ್ನಿನ ವಾಸನೆ ಬಂತು, ಅದರ ಹಿಂದೆ ಬಂದೆ. ನಾನು ಗೀನೊ. ಕಣ್ಣಿಲ್ಲ. ಟೈಪು ಬರುತ್ತೆ. ಪರದೆ ಮೇಲಿರೋದನ್ನ ಈ ಲ್ಯಾಪ್‌ಟಾಪು ಕಿವಿಗೆ ಓದಿ ಹೇಳುತ್ತೆ. ಇಷ್ಟು ಸಾಕಾ, ಪರೀಕ್ಷೆ ಏನಾದ್ರೂ ಇದ್ಯಾ?”

“ಏನು ಬರೀಬೇಕು ಅಂತಿದೀರಿ?”

ಗೀನೊ ಹೇಳಿದ. ಅವನು ಕರ್ಲಿಂಗ್ ಆಟದ ಹುಚ್ಚ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ, ಮುಂದೆ ಪೊರಕೆಯಿಂದ ಉಜ್ಜುತ್ತಾ ಓಡುವ ಆ ಆಟದಲ್ಲಿ ಅವನ ತಂಡ ಒಂದು ಕಾಲಕ್ಕೆ ಹೆಸರು ಮಾಡಿತ್ತು. ಈಗ ಆಡುವಂತಿಲ್ಲ. ಅವನ ಕ್ಲಬ್ಬಿನಲ್ಲಿ ಚಳಿಗಾಲದ ಪಂದ್ಯಗಳ ಪಟ್ಟಿ ಮಾಡುತ್ತಿದ್ದ ಕಾರ್ಯದರ್ಶಿ ಮಗಳ ಊರಿಗೆ ಹೊರಟುಹೋಗಿದ್ದಳು. ಯಾವ ತಂಡ ಯಾವ ವಾರ ಯಾರ ಮೇಲೆ, ಅಕ್ಕಪಕ್ಕದ ಮಂಜುಗಡ್ಡೆಯ ಅಂಕಣಗಳಲ್ಲಿ ಯಾವ ಐಸ್ ಪಟ್ಟಿಯಲ್ಲಿ ಆಡಬೇಕು ಎಂದು ಹೊಂದಿಸುವ ತಲೆನೋವು ಯಾರಿಗೂ ಬೇಡವಾಗಿತ್ತು.

“ಕ್ಲಬ್ಬಿಗೆ ಹೋದ್ರೆ ನಂಗೊಂದು ಕುರ್ಚಿ ಕೊಡ್ತಾರೆ, ಸೂಪು ಕೊಡ್ತಾರೆ, ಬೆನ್ನು ತಟ್ತಾರೆ,” ಎಂದ ಗೀನೊ. “ನಂಗೆ ಸೂಪು ಬೇಡ. ಕೆಲಸ ಬೇಕು. ಆ ಪಟ್ಟಿ ನಾನು ಮಾಡ್ತೀನಿ.”

ಆರ್ಲೀನ್ ಖುಷಿಯಿಂದಲೇ ಶುರು ಮಾಡಿದಳು. ಪೈಥಾನ್ ಹಾಕಿದ್ದಾಯಿತು. ಚಿಕ್ಕ ಚೌಕಕ್ಕೆ ಗುರುತು ಬಿತ್ತು. ತಾನು ಎಲ್ಲರಿಗೂ ಬಳಸುವ ಬರೆಯುವ ಕಿಟಕಿಯನ್ನು ತೆರೆಯಲು ಹೇಳಿದಳು. ಅದು ತೆರೆದ ಕೂಡಲೇ ಗೀನೊವಿನ ಲ್ಯಾಪ್‌ಟಾಪಿನ ದನಿ ನಿಂತುಹೋಯಿತು. ಅವನು ಟೈಪು ಮಾಡಿದರೂ ಮೌನ, ಬಾಣದ ಕೀಲಿ ಒತ್ತಿದರೂ ಮೌನ. ಅಕ್ಷರಗಳು ಪರದೆಯ ಮೇಲೆ ಅವಳಿಗೆ ಚೆನ್ನಾಗಿ ಕಾಣುತ್ತಿದ್ದವು. ಅವನ ಕಿವಿಗೆ ಒಂದೂ ಬೀಳುತ್ತಿರಲಿಲ್ಲ.

ಆರ್ಲೀನ್ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿಸಿ ನೋಡಿದಳು. ಮೇಜಿನ ಸುತ್ತ ಉಳಿದವರು ಕಾಯುತ್ತಿದ್ದರು. ಕೊನೆಗೆ ಸೋತು, “ಗೀನೊ, ಇದು ಹೇಗೆ ಅಂತ ನಂಗೆ ಗೊತ್ತಿಲ್ಲ. ಕಲಿತು ಹೇಳ್ತೀನಿ. ಮುಂದಿನ ಶನಿವಾರ ಬನ್ನಿ,” ಎಂದಳು.

ಗೀನೊ ಲ್ಯಾಪ್‌ಟಾಪು ಮುಚ್ಚಿದ. “ಎಲ್ರೂ ಹೀಗೇ ಅಂತಾರೆ. ಕಣ್ಣಿನ ಡಾಕ್ಟ್ರು ಮುಂದಿನ ಸಲ ಬನ್ನಿ ಅಂದ್ರು. ಕೆಲಸ ಕೊಡೋ ಆಫೀಸಿನೋರು ಮುಂದಿನ ತಿಂಗಳು ಬನ್ನಿ ಅಂದ್ರು. ನೀವು ಒಳ್ಳೇ ಹೆಂಗಸು ತಾಯಿ, ನಿಮ್ಮ ಮೇಲೆ ಸಿಟ್ಟಿಲ್ಲ.” ಕೋಲು ತಟ್ಟುತ್ತಾ ಹೊರಟ. ಬನ್ನು ಮುಟ್ಟಲಿಲ್ಲ.

ಆ ಮಧ್ಯಾಹ್ನ ಆರ್ಲೀನ್ ಮನೆಗೆ ಬಂದವಳೇ ಗೀನೊವಿನ ಲ್ಯಾಪ್‌ಟಾಪಿನಲ್ಲಿದ್ದ ಓದುವ ಪ್ರೋಗ್ರಾಮನ್ನು ತನ್ನ ಕಂಪ್ಯೂಟರಿಗೂ ಹಾಕಿದಳು. ಬಚ್ಚಲಿನಿಂದ ದಪ್ಪನೆಯ ಟವೆಲ್ ತಂದು ಪರದೆಯ ಮೇಲೆ ಹೊದಿಸಿದಳು. ಮೌಸನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚಿದಳು. ಆ ಟವೆಲಿನ ಮುಂದೆ ಕೂತು ಕೀಲಿ ಒತ್ತತೊಡಗಿದಳು.

ಓರೆಸ್ಟ್ ಬಾಗಿಲಲ್ಲಿ ನಿಂತು ನೋಡಿದ. “ಕಂಪ್ಯೂಟರಿಗೆ ಶೀತ ಆಗಿದ್ಯಾ?”

“ಸುಮ್ನಿರು. ನಾನೀಗ ಕುರುಡಿ.”

“ಸಾರಿಗೆ ಉಪ್ಪು ಹಾಕುವಾಗಾದ್ರೂ ಕಣ್ಣು ಬಿಡ್ತೀಯಾ?”

ಮೊದಲ ದಿನ ಅವಳಿಗೆ ಒಂದು ಕಡತ ತೆರೆಯುವುದೂ ಸಾಧ್ಯವಾಗಲಿಲ್ಲ. ದನಿ ಗಡಗಡನೆ ಏನೇನೋ ಹೇಳುತ್ತಿತ್ತು, ತಾನು ಎಲ್ಲಿದ್ದೇನೆ ಎಂದೇ ತಿಳಿಯುತ್ತಿರಲಿಲ್ಲ. ಎರಡು ಸಲ ಟವೆಲ್ ಎತ್ತಿ ಕದ್ದು ನೋಡಿದಳು. ಗೀನೊ ಎತ್ತಲಾರ ಎಂಬುದು ನೆನಪಾಗಿ, ನಾಚಿಕೆಯಿಂದ ಟವೆಲಿನ ಅಂಚನ್ನು ಅಂಟುಟೇಪಿನಿಂದ ಬಿಗಿದಳು. ಆಮೇಲೆ ದಾರಿ ನಿಧಾನವಾಗಿ ಬಿಚ್ಚಿಕೊಂಡಿತು. ತಾನು ಬಳಸುತ್ತಿದ್ದ ಆ ಬರೆಯುವ ಕಿಟಕಿ ಓದುವ ದನಿಯ ಜೊತೆ ಮಾತೇ ಆಡುವುದಿಲ್ಲ. ಆದರೆ ಯಾವ ಅಲಂಕಾರವೂ ಇಲ್ಲದ ಸಾದಾ ನೋಟ್‌ಪ್ಯಾಡು ಎಲ್ಲವನ್ನೂ ಹೇಳುತ್ತದೆ. ಅದರಲ್ಲಿ ಬರೆದು, ಉಳಿಸಿ, ಕಪ್ಪು ಕಿಟಕಿಯಲ್ಲಿ ಓಡಿಸಿದರೆ ಉತ್ತರವೂ ಕಿವಿಗೇ ಬರುತ್ತದೆ. ಟವೆಲಿನ ಹಿಂದಿನಿಂದ ತನ್ನದೇ ಪ್ರೋಗ್ರಾಂ ಮಾತಾಡಿದಾಗ ಆರ್ಲೀನಳ ಮೈ ಜುಮ್ಮೆಂದಿತು.

ಮುಂದಿನ ಶನಿವಾರ ಗೀನೊ ಬರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಅವಳ ಕತ್ತು ಆ ಕಡೆ ತಿರುಗುತ್ತಿತ್ತು. ಮೇಜು ಮುಚ್ಚಿದ ಮೇಲೆ ಕರ್ಲಿಂಗ್ ಕ್ಲಬ್ಬಿಗೆ ಫೋನು ಮಾಡಿದಳು. ಅವರು ಗೀನೊವಿನ ಒಪ್ಪಿಗೆ ಕೇಳಿ ವಿಳಾಸ ಕೊಟ್ಟರು. ‘ಬರೋದಾದ್ರೆ ಬರ್ಲಿ, ಬನ್ನು ತರ್ಲಿ’ ಎಂಬುದು ಆ ಒಪ್ಪಿಗೆಯ ಮಾತು.

ಮರುದಿನ ಅವಳು ಅಲ್ಲಿಗೆ ಹೋದಾಗ ಬಾಗಿಲು ತೆರೆದವಳು ಗೀನೊವಿನ ಅಕ್ಕ ಅಸುಂತಾ. ತಮ್ಮನ ಜೊತೆ ಇದ್ದು ಅವನ ಸೂಜಿ ಮದ್ದು, ಊಟ ಎಲ್ಲ ನೋಡಿಕೊಳ್ಳುತ್ತಿದ್ದ ಪುಟ್ಟ ಆಕಾರದ ಹೆಂಗಸು. ಬನ್ನಿನ ಡಬ್ಬಿ ನೋಡಿ ಅವಳ ಮುಖ ಗಂಟಿಕ್ಕಿತು.

“ಸಕ್ಕರೆ ಇರೋನಿಗೆ ಸಕ್ಕರೆ ತಂದಿದ್ದೀಯಲ್ಲ! ಮೊದ್ಲೇ ಅವನಿಗೆ ಆಸೆ ಹುಟ್ಟಿಸಿ ಕಳ್ಸಿದ್ದೀಯ. ವಾರವಿಡೀ ಮುಖ ಊದಿಸ್ಕೊಂಡು ಕೂತಿದ್ದ.”

“ಅರ್ಧ ಬನ್ನು, ಅಕ್ಕ!” ಒಳಗಿಂದ ಗೀನೊ ಕೂಗಿದ. “ಹೋಗ್ಲಿ, ಕಾಲು ಭಾಗ!”

“ಓಡಿದ್ರೆ ಮಾತ್ರ,” ಎಂದಳು ಆರ್ಲೀನ್, ಏಪ್ರನ್ ಕಟ್ಟಿಕೊಳ್ಳುತ್ತಾ.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆಯಿತು. ಆರ್ಲೀನ್ ಅವನ ಹಿಂದೆ ನಿಂತು, ಕೈಗಳನ್ನು ಜೇಬಿಗಿಟ್ಟು, ಕಣ್ಣು ಮುಚ್ಚಿಕೊಂಡಳು. ಅವನಿಗೆ ಕೇಳಿಸುವುದಷ್ಟೇ ತನಗೂ ಕೇಳಿಸಲಿ ಎಂದು. ನೋಟ್‌ಪ್ಯಾಡು ತೆರೆಯಲು ಹೇಳಿದಳು. ದನಿ ಅದರ ಹೆಸರು ಹೇಳಿತು. ಗೀನೊವಿನ ಬೆನ್ನು ನೆಟ್ಟಗಾಯಿತು.

“ಮಾತಾಡ್ತಾ ಇದೆ!”

“ಆಡುತ್ತೆ. ಈಗ ‘ಪ್ರಿಂಟ್’ ಅಂತ ಬರೆದು, ಆವರಣ ತೆರೆದು, ಉದ್ಧರಣ ಚಿಹ್ನೆ ಹಾಕಿ, ನಿಮಗೆ ಏನು ಹೇಳಿಸ್ಬೇಕೋ ಅದನ್ನ ಬರೀರಿ. ಆಮೇಲೆ ಎರಡನ್ನೂ ಮುಚ್ಚಿ.”

ಅವನು ಬರೆದ, ಉಳಿಸಿದ. ಕಪ್ಪು ಕಿಟಕಿಗೆ ಹೋಗಿ ಓಡಿಸಿದ. ದನಿ ಉದ್ದಕ್ಕೆ ಏನೋ ಒದರಿತು.

“ಬೈತು,” ಎಂದ ಗೀನೊ.

“ಬೈಲಿಲ್ಲ. ಇನ್ನೊಂದ್ಸಲ ಪೂರ್ತಿ ಕೇಳಿ.”

ಅವನು ಬಾಣದ ಕೀಲಿಯಿಂದ ಹಿಂದಕ್ಕೆ ಹೋಗಿ ಮತ್ತೆ ಕೇಳಿದ. ಮೊದಲ ಸಾಲಿನಲ್ಲೇ ತಪ್ಪು, ತೆರೆದ ಮಾತು ಮುಗಿದಿಲ್ಲ ಎನ್ನುತ್ತಿತ್ತು. ಗೀನೊ ಹುಬ್ಬು ಗಂಟಿಕ್ಕಿ ಯೋಚಿಸಿದ. ಆರ್ಲೀನಳ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ನುಂಗಿಕೊಂಡಳು.

“ಓ… ಕೊನೇ ಚಿಹ್ನೆ ಹಾಕಿಲ್ಲ ನಾನು. ಬಾಗಿಲು ಹಾಕದೆ ಹೊರಟುಬಿಟ್ಟೆ,” ಎಂದು ತಾನೇ ನಕ್ಕು ಸರಿಪಡಿಸಿದ. ಮತ್ತೆ ಓಡಿಸಿದ.

ಯಂತ್ರ ಒಂದು ಕ್ಷಣ ತಡೆದು, ಸ್ಪಷ್ಟವಾಗಿ ಹೇಳಿತು: “ಗೀನೊ ಇನ್ನೂ ಇಲ್ಲೇ ಇದ್ದಾನೆ.”

ಗೀನೊ ಮತ್ತೊಮ್ಮೆ ಓಡಿಸಿದ. ಮತ್ತೆ ಅದೇ ಮಾತು. ಅಸುಂತಾ ಒಲೆಯ ಹತ್ತಿರದಿಂದ ಬಂದು ತಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆತ್ತಿಗೆ ಮುತ್ತಿಟ್ಟಳು. ಆಮೇಲೆ ಕಣ್ಣೊರೆಸಿಕೊಳ್ಳುತ್ತಾ ಚಾಕು ತಂದು ಒಂದು ಬನ್ನನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿದಳು.

“ಏನ್ ತಾಯಿ,” ಎಂದ ಗೀನೊ ಬಾಯಿ ತುಂಬಾ ಬನ್ನಿಟ್ಟುಕೊಂಡು, “ಈ ಶನಿವಾರ ನಿನ್ನ ಮೇಜಿನ ಹತ್ರ ನಂಗೊಂದು ಕುರ್ಚಿ ಇರ್ಲಿ.” ಆ ಹೊತ್ತಿನಿಂದ ಅವರಿಬ್ಬರ ನಡುವೆ ‘ನೀವು’ ಹೋಗಿ ‘ನೀನು’ ಬಂತು.

ಮುಂದಿನ ದಾರಿ ನುಣುಪಾಗಿಯೇನೂ ಇರಲಿಲ್ಲ. ಪೈಥಾನಿನಲ್ಲಿ ಸಾಲಿನ ಮುಂದೆ ಬಿಡುವ ಖಾಲಿ ಜಾಗಕ್ಕೂ ಅರ್ಥವಿದೆ. ಯಾವ ಸಾಲು ಯಾವುದರ ಒಳಗೆ ಸೇರಿದ್ದು ಎಂಬುದು ಅದರಿಂದಲೇ ತಿಳಿಯಬೇಕು. ಕಣ್ಣಿದ್ದವರಿಗೆ ಅದು ಕಾಣುತ್ತದೆ. ಗೀನೊವಿನ ಲ್ಯಾಪ್‌ಟಾಪಿನ ದನಿ ಖಾಲಿ ಜಾಗವನ್ನು ಓದುತ್ತಿರಲಿಲ್ಲ. ಅವನು ಲ್ಯಾಪ್‌ಟಾಪನ್ನು ಕಿಟಕಿಯಿಂದಾಚೆ ಎಸೆಯುವ ಮಾತಾಡಿದ. ಆರ್ಲೀನ್ ಮತ್ತೆ ಟವೆಲ್ ಹೊದಿಸಿ ಕೂತಳು. ಹುಡುಕಿದರೆ, ಆ ಓದುವ ಪ್ರೋಗ್ರಾಮಿನ ಆಯ್ಕೆಗಳ ಒಳಗೆಲ್ಲೋ, ಖಾಲಿ ಜಾಗವನ್ನು ನಾದವಾಗಿ ಕೇಳಿಸುವ ಉಪಾಯ ಅಡಗಿತ್ತು. ಜಾಗ ಹೆಚ್ಚಿದಂತೆ ಸ್ವರ ಏರುತ್ತದೆ, ಕಡಿಮೆಯಾದಂತೆ ಇಳಿಯುತ್ತದೆ.

ಗೀನೊ ಅದನ್ನು ಕೇಳಿದವನೇ ಬಿದ್ದು ಬಿದ್ದು ನಕ್ಕ. “ನಮ್ಮಪ್ಪನ ಅಕಾರ್ಡಿಯನ್ ಥರಾ ಇದೆ ಕಣೇ! ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?”

“ಮೊದ್ಲೇ ಗೊತ್ತಿದ್ರೆ ಹೇಳ್ತಿದ್ದೆ ಮಾರಾಯ.”

ಅಲ್ಲಿಂದ ಅವನನ್ನು ಹಿಡಿಯುವವರೇ ಇರಲಿಲ್ಲ. ಆ ಚಳಿಗಾಲ ಕಳೆದು, ಸರೋವರದ ಹೆಪ್ಪು ಒಡೆದು, ಬೇಸಿಗೆ ಬಂದರೂ ಗೀನೊ ಬರೆಯುತ್ತಲೇ ಇದ್ದ. ಎಲ್ಲ ತಂಡಗಳೂ ಒಬ್ಬರಿಗೊಬ್ಬರು ಒಂದೊಂದೇ ಸಲ ಎದುರಾಗುವಂತೆ ಹೊಂದಿಸುವುದು ಹೇಗೆಂದು ಅಸುಂತಾಳ ಕಾಫಿ ಬಟ್ಟಲುಗಳನ್ನು ಮೇಜಿನ ಮೇಲೆ ಎರಡು ಸಾಲು ಜೋಡಿಸಿ, ಕೈಯಿಂದ ಮುಟ್ಟಿ ಮುಟ್ಟಿ ಕಂಡುಹಿಡಿದ. ಒಂದೊಂದು ಬಟ್ಟಲು ಒಂದೊಂದು ತಂಡ, ಎದುರುಬದುರು ಇರುವವು ಆ ವಾರದ ಜೋಡಿ. ಒಂದು ಬಟ್ಟಲು ಜಾಗ ಬಿಟ್ಟು ಕದಲಬಾರದು, ಉಳಿದವು ಸುತ್ತಲೂ ಒಂದೊಂದು ಮನೆ ಸರಿಯಬೇಕು. ಸುತ್ತು ಮುಗಿಯುವ ಹೊತ್ತಿಗೆ ಎಲ್ಲರಿಗೂ ಎಲ್ಲರೂ ಸಿಕ್ಕಿರುತ್ತಾರೆ. ಅದನ್ನೇ ಪೈಥಾನಿನಲ್ಲಿ ಬರೆದ.

“ತಂಡಗಳು ಬೆಸ ಸಂಖ್ಯೆ ಆದ್ರೆ?” ಎಂದು ಒಂದು ದಿನ ತಾನೇ ಕೇಳಿದ.

“ನಿಮ್ಮ ಕ್ಲಬ್ಬಲ್ಲಿ ಯಾವಾಗ್ಲೂ ಸಮ ಇರುತ್ತೆ ಅಂದ್ಯಲ್ಲ. ಈಗ ಅದು ಯಾಕೆ, ಬಿಡು,” ಎಂದಳು ಆರ್ಲೀನ್.

“ನಿಂಗೆ ಕರ್ಲಿಂಗಿನೋರು ಗೊತ್ತಿಲ್ಲ. ಒಬ್ನಿಗೆ ಮಂಡಿ, ಒಬ್ನಿಗೆ ಹೆಂಡ್ತಿ. ಯಾರಾದ್ರೂ ಕೈ ಕೊಟ್ಟೇ ಕೊಡ್ತಾರೆ.” ಗೀನೊ ಬಿಡಲಿಲ್ಲ. ಸಂಖ್ಯೆ ಬೆಸವಾದರೆ ಪ್ರೋಗ್ರಾಂ ತಾನಾಗಿಯೇ ಒಂದು ಸುಳ್ಳು ತಂಡವನ್ನು ಸೇರಿಸಬೇಕು, ಅದು ಯಾರಿಗೆ ಎದುರಾಗುತ್ತದೋ ಅವರಿಗೆ ಆ ವಾರ ರಜೆ ಎಂದು ಗೊತ್ತು ಮಾಡಿದ. ಆ ತಂಡಕ್ಕೆ ‘ನೋನ್ನಾ’ ಎಂದು ಹೆಸರಿಟ್ಟ. ಅವರ ಮನೆಯಲ್ಲಿ ಅಜ್ಜಿಯನ್ನು ಹಾಗೆಯೇ ಕರೆಯುವುದು.

ಅಕ್ಟೋಬರಿನಲ್ಲಿ ಕ್ಲಬ್ಬಿನ ಹೊಸ ಋತುವಿನ ಊಟ. ಸಂಜೆ ಐದಕ್ಕೇ ಸಭಾಂಗಣ ತುಂಬಿತ್ತು. ಪೆರೋಗಿ ಕಡುಬು, ಹುರಿದ ಈರುಳ್ಳಿ, ಹಂದಿ ಮಾಂಸದ ವಾಸನೆ. ಆರ್ಲೀನ್, ಓರೆಸ್ಟ್, ಅಸುಂತಾ ಒಂದೇ ಮೇಜಿನಲ್ಲಿ ಕೂತಿದ್ದರು. ಗೀನೊ ಮುಂದೆ, ಧ್ವನಿವರ್ಧಕಕ್ಕೆ ಜೋಡಿಸಿದ ಲ್ಯಾಪ್‌ಟಾಪಿನ ಎದುರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ.

ಪಟ್ಟಿ ಓದಬೇಕು ಎನ್ನುವಾಗ ಕ್ಲಬ್ಬಿನ ಅಧ್ಯಕ್ಷ ಬ್ರೂಸ್ ಹಾಕನ್ಸನ್ ಫೋನು ಕೈಯಲ್ಲಿ ಹಿಡಿದು, ಮುಖ ಇಳಿಬಿಟ್ಟುಕೊಂಡು ಬಂದ.

“ಗೀನೊ, ಕೆಟ್ಟ ಸುದ್ದಿ. ಮಕಿನೆನ್ ತಂಡ ಈ ವರ್ಷ ಆಡಲ್ವಂತೆ. ಅವನ ಮಂಡಿ ಆಪರೇಷನ್ ಅಂತೆ. ಇವತ್ತು ಪಟ್ಟಿ ಬೇಡ ಬಿಡು. ಇನ್ನೆರಡು ವಾರ ಕೂತು ಹೊಸದು ಮಾಡೋಣ.”

ಸಭಾಂಗಣದಲ್ಲಿ ಗುಜುಗುಜು ಎದ್ದಿತು. ಆರ್ಲೀನಳ ಕೈ ತಾನಾಗಿಯೇ ಹುರುಪಿನಿಂದ ಮೇಲೆದ್ದಿತು, ಓಡಿಹೋಗಿ ತಾನೇ ಒಂದು ಕೀಲಿ ಒತ್ತಿಬಿಡಲೇ ಎನ್ನಿಸಿತು. ಅಂದು ಏಪ್ರನ್ ಇರಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು.

“ಬ್ರೂಸ್,” ಎಂದ ಗೀನೊ, “ನಿಂಗೆ ನಿಲ್ಲೋಕೆ ಸುಸ್ತಾದ್ರೆ ಕೂತ್ಕೋ. ಎರಡು ವಾರ ಯಾರಿಗೆ ಬೇಕು?”

ಅವನ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ತಂಡಗಳ ಹೆಸರುಗಳಲ್ಲಿ ಇಳಿದು, ಮಕಿನೆನ್ ಸಿಕ್ಕಿದ ಕೂಡಲೇ ಅಳಿಸಿದ. ಉಳಿಸಿದ, ಓಡಿಸಿದ. ಇಡೀ ಸಭಾಂಗಣ ಕಿವಿಯಾಗಿ ಕೂತಿತು. ದನಿ ಶುರುವಾಯಿತು. ಮೊದಲ ವಾರ, ಮೊದಲ ಐಸ್ ಪಟ್ಟಿ, ಇಂಥವರ ಮೇಲೆ ಇಂಥವರು. ಎರಡನೆಯ ಐಸ್ ಪಟ್ಟಿ, ಮೂರನೆಯದು. ಆಮೇಲೆ:

“ಹಾಕನ್ಸನ್ ತಂಡದ ಎದುರಾಳಿ, ನೋನ್ನಾ.”

“ನೋನ್ನಾ ಯಾರು? ಹೊಸ ತಂಡನಾ?” ಬ್ರೂಸ್ ಕಕ್ಕಾಬಿಕ್ಕಿಯಾಗಿ ಕೇಳಿದ.

“ನಮ್ಮಜ್ಜಿ,” ಎಂದ ಗೀನೊ. “ಆ ವಾರ ನೀನು ಆಡ್ಬೇಡ, ಮನೇಲಿ ಕೂತು ತಿನ್ನು ಅಂತ ಅರ್ಥ. ಎಲ್ರಿಗೂ ಒಂದೊಂದ್ಸಲ ಅಜ್ಜಿ ಸಿಗ್ತಾಳೆ, ಗಾಬರಿ ಬೀಳ್ಬೇಡಿ.”

ನಗು ಒಂದು ಮೂಲೆಯಿಂದ ಎದ್ದು ಇಡೀ ಸಭಾಂಗಣಕ್ಕೆ ಹಬ್ಬಿತು. ಯಾರೋ ಪೊರಕೆಯ ಹಿಡಿಕೆಯಿಂದ ನೆಲ ಕುಟ್ಟಿದರು. ಉಳಿದವರೂ ಕುಟ್ಟಿದರು. ದನಿ ವಾರದ ಮೇಲೆ ವಾರ ಓದುತ್ತಾ ಹೋಯಿತು, ಒಂದು ತಂಡವೂ ಎರಡು ಕಡೆ ಸಿಕ್ಕಿಬೀಳಲಿಲ್ಲ, ಒಬ್ಬರೂ ಅದೇ ಎದುರಾಳಿಗೆ ಮತ್ತೆ ಸಿಗಲಿಲ್ಲ. ಕೊನೆಯ ವಾರ ಓದಿ ಮುಗಿಯುವ ಹೊತ್ತಿಗೆ ಜನ ಎದ್ದು ನಿಂತಿದ್ದರು. ಅಸುಂತಾ ಕುರ್ಚಿಯ ಮೇಲೆಯೇ ಹತ್ತಿ ನಿಂತು ಕರವಸ್ತ್ರ ಬೀಸುತ್ತಿದ್ದಳು. ಓರೆಸ್ಟ್ ಹೆಂಡತಿಯ ಕಡೆ ಬಾಗಿ, “ನೀನು ಬೇಡ ಅಂದಿದ್ದೆ ಅಲ್ವಾ ಆ ಅಜ್ಜೀನ?” ಎಂದ.

“ನಾನೇ ಬೇಡ ಅಂದಿದ್ದೆ!” ಎಂದು ಆರ್ಲೀನ್ ಗಟ್ಟಿಯಾಗಿ, ಅಕ್ಕಪಕ್ಕದ ಮೇಜಿಗೆಲ್ಲ ಕೇಳುವಂತೆ ಹೇಳಿದಳು. ತಾನು ಹೇಳಿಕೊಡದ್ದನ್ನು ತನ್ನ ವಿದ್ಯಾರ್ಥಿ ಮಾಡಿದ್ದ. ಇದಕ್ಕಿಂತ ದೊಡ್ಡ ಸಂಭ್ರಮ ಅವಳಿಗೆ ಗ್ರಂಥಾಲಯದಲ್ಲಿ ಮೇಜು ಹಾಕಿದಂದಿನಿಂದ ಸಿಕ್ಕಿರಲಿಲ್ಲ.

ಆ ಗದ್ದಲದ ನಡುವೆ ಬ್ರೂಸ್ ಹಾಕನ್ಸನ್ ಗೀನೊವಿನ ಕೈ ಹಿಡಿದು ಕುಲುಕಿ, “ಕಾರ್ಯದರ್ಶಿ ಕೆಲಸ ನಿಂದೇ ಕಣೋ. ಇನ್ನು ಮೇಲೆ ಬೇರೆ ಯಾರಿಗೂ ಕೊಡಲ್ಲ,” ಎಂದ. ಗೀನೊ ಆ ಕೈ ಬಿಡದೆ ಹತ್ತಿರಕ್ಕೆ ಎಳೆದುಕೊಂಡು, “ತಗೊಂಡೆ. ಮೊದಲನೇ ಅಪ್ಪಣೆ ಕೇಳು. ನಾಲ್ಕನೇ ಐಸ್ ಪಟ್ಟಿ ಉಬ್ಬುತಗ್ಗಾಗಿದೆಯಂತೆ, ಮೊದಲ ವಾರ ನಿಮ್ಮ ತಂಡಕ್ಕೆ ಹೇಗೂ ರಜೆ. ಮಂಗಳವಾರ ಬೆಳಿಗ್ಗೆ ನಾಲ್ಕೂ ಜನ ಬಂದು ಸಮ ಮಾಡಿ,” ಎಂದ. ಬ್ರೂಸ್ ಬೈದುಕೊಳ್ಳುತ್ತಲೇ ಹೂಂಗುಟ್ಟಿದ. ಪೊರಕೆಗಳು ಮತ್ತೊಮ್ಮೆ ನೆಲ ಕುಟ್ಟಿದವು.